ಲಾಟ್ಕೆ ತಿಂದ ಬೀಗರು

ಅಡುಗೆಮನೆಯಲ್ಲಿ ನನಗೆ ಭಯ ಎಂಬುದೇ ಇರಲಿಲ್ಲ. ಭಯವೆಲ್ಲ ತಿನ್ನುವವರಿಗೆ ಬಿಟ್ಟದ್ದು ಎಂದು ನಮ್ಮ ಯಜಮಾನರು ಹೇಳುತ್ತಿದ್ದರು. ಅದನ್ನು ನಾನು ಹಾಸ್ಯವೆಂದೇ ತಿಳಿದಿದ್ದೆ!

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಯಜಮಾನರು ಮುಳಬಾಗಿಲಿನಲ್ಲಿ ಹೈಸ್ಕೂಲು ಮೇಷ್ಟ್ರು. ಊರಂಚಿನಲ್ಲಿ ನಮ್ಮ ಬಾಡಿಗೆ ಮನೆ. ಹಿತ್ತಿಲ ಬೇಲಿ ದಾಟಿದರೆ ಮುನಿಸ್ವಾಮಿಯ ಕೋಸಿನ ತೋಟ. ಮನೆಯಲ್ಲಿ ನಾವಿಬ್ಬರು, ಜೊತೆಗೆ ನನ್ನ ನಾದಿನಿ ಸುಧಾ. ಅತ್ತೆ ತೀರಿಕೊಂಡಾಗ ಅವಳಿನ್ನೂ ಲಂಗ ತೊಡುವ ಹುಡುಗಿ. ಅವಳಿಗೆ ಜಡೆ ಹಾಕಿ, ಬೈದು, ಓದಿಸಿ, ಮದುವೆಯ ವಯಸ್ಸಿಗೆ ತಂದವಳು ನಾನು. ಅದುವರೆಗೆ ಅವಳನ್ನು ನೋಡಲು ಬಂದವರೆಲ್ಲ “ಊರಿಗೆ ಹೋಗಿ ಕಾಗದ ಬರೀತೀವಿ” ಎಂದು ಹೇಳಿ ಹೋದವರೇ. ಅವರ ಊರುಗಳಲ್ಲಿ ಅಂಚೆ ಪೆಟ್ಟಿಗೆಯೇ ಇರಲಿಲ್ಲವೋ ಏನೋ, ಒಂದು ಕಾಗದವೂ ಬರಲಿಲ್ಲ.

ಅಂಥದರಲ್ಲಿ ಶ್ರೀನಿವಾಸಪುರದಿಂದ ಒಂದು ಒಳ್ಳೆಯ ಸಂಬಂಧ ಬಂತು. ಹುಡುಗ ಕೋಲಾರದಲ್ಲಿ ರೇಷ್ಮೆ ಕಚೇರಿಯ ಗುಮಾಸ್ತ. ಭಾನುವಾರ ಮಧ್ಯಾಹ್ನದ ಬಸ್ಸಿಗೆ ಅಪ್ಪ, ಅಮ್ಮನ ಜೊತೆ ಹೆಣ್ಣು ನೋಡಲು ಬರುವುದೆಂದು ಗೊತ್ತಾಯಿತು.

ನಾನು ಆಳವಾಗಿ ಯೋಚಿಸಿದೆ. ಹಿಂದೆ ಬಂದವರಿಗೆಲ್ಲ ಉಪ್ಪಿಟ್ಟು, ಕೇಸರಿಬಾತು ಕೊಟ್ಟದ್ದೇ ತಪ್ಪು! ಎಲ್ಲರ ಮನೆಯಲ್ಲೂ ಅದೇ ತಿಂದು ಬಂದವರಿಗೆ ನಮ್ಮ ಮನೆ ಯಾವುದೆಂದು ನೆನಪಿರುವುದಾದರೂ ಹೇಗೆ? ಈ ಸಲ ಅವರು ಜನ್ಮದಲ್ಲಿ ಮರೆಯದಂಥದ್ದನ್ನು ತಿನ್ನಿಸಬೇಕು ಎಂದು ನಿರ್ಧರಿಸಿದೆ.

ಅದಕ್ಕೆ ಕೆಲವು ವರ್ಷ ಮುಂಚೆ ನಮ್ಮ ಮಹಿಳಾ ಸಮಾಜಕ್ಕೆ ಅಮೆರಿಕದಿಂದ ರೂತ್ ಎಂಬ ಹುಡುಗಿ ಬಂದಿದ್ದಳು. ನಾವು ರೂತಮ್ಮ ಎನ್ನುತ್ತಿದ್ದೆವು. ನಮಗೆ ಪೌಷ್ಟಿಕ ಆಹಾರ ಕಲಿಸಲು ಬಂದವಳು, ತಾನೇ ಮುದ್ದೆ ನುಂಗುವುದನ್ನು ಕಲಿತು ಹೋದಳು. ಹೋಗುವ ಮುಂಚೆ ತನ್ನ ಅಜ್ಜಿ ಹಬ್ಬಕ್ಕೆ ಮಾಡುತ್ತಿದ್ದ ಲಾಟ್ಕೆ ಎಂಬ ತಿಂಡಿಯನ್ನೂ, ಸ್ಲಾ ಎಂಬ ಹಸಿ ತರಕಾರಿಯ ಪದಾರ್ಥವನ್ನೂ ನನಗೆ ಹೇಳಿಕೊಟ್ಟಳು. ಕೇಲ್ ಎಂಬ ಸೊಪ್ಪಿನ ಬೀಜವನ್ನೂ ಕೊಟ್ಟಳು. ಈ ಕೇಲ್ ಕೋಸಿನ ಕುಲದ್ದೇ. ಆದರೆ ಗಡ್ಡೆ ಕಟ್ಟುವ ಕಷ್ಟ ಯಾರಿಗೆ ಬೇಕೆಂದು ಕೊನೆಯವರೆಗೂ ಸೊಪ್ಪಾಗಿಯೇ ಉಳಿಯುವ ಸೋಮಾರಿ. ಡಬ್ಬಿಯಲ್ಲಿ ಮಲಗಿದ್ದ ಆ ಬೀಜ ಆ ವರ್ಷದ ಚಳಿಗೆ ನಮ್ಮ ಬಚ್ಚಲ ಮೋರಿಯ ಪಕ್ಕದಲ್ಲಿ ಸೊಂಪಾಗಿ ಬೆಳೆದಿತ್ತು.

ಯಜಮಾನರಿಗೆ ಯೋಜನೆಯನ್ನು ವಿವರಿಸಿದೆ.

“ಏನೇ ಅದು, ಲಟಿಕೆ? ಬೆರಳಲ್ಲಿ ಮುರೀತಾರಲ್ಲ, ಅದಾ?”

“ಲಾಟ್ಕೆ ಅಂದ್ರೆ! ಆಲೂಗಡ್ಡೆ, ಕೋಸು ತುರಿದು ಕಡ್ಲೆಹಿಟ್ಟು ಹಾಕಿ, ತಟ್ಟಿ ಎಣ್ಣೇಲಿ ಬೇಯ್ಸೋದು. ನಂಚ್ಕೊಳ್ಳೋಕೆ ಸ್ಲಾ.”

“ಏನ್ಲಾ?”

“ಏನ್ಲಾ ಅಲ್ಲ, ಸ್ಲಾ! ಹಸಿ ಕೋಸು, ಕ್ಯಾರೆಟ್ಟು, ಕೇಲು.”

“ಕೇಳ್ತಾನೇ ಇದೀನಲ್ಲೇ, ಹೇಳು!”

ಇಂಥವರ ಹತ್ತಿರ ಪೌಷ್ಟಿಕ ಆಹಾರದ ಮಾತಾಡಿ ಪ್ರಯೋಜನವಿಲ್ಲ.

ಭಾನುವಾರ ಬೆಳಗ್ಗೆ ಬೇಲಿ ದಾಟಿ ತೋಟಕ್ಕೆ ಹೋದೆ. ಮುನಿಸ್ವಾಮಿ ಕೋಲಾರಕ್ಕೆ ಹೋಗಿದ್ದ. ಅವನ ತಾಯಿ ಅಕ್ಕಯ್ಯಮ್ಮನೂ ಕಾಣಲಿಲ್ಲ. “ಬೇಕಾದಾಗ ಕಿತ್ಕೊಳ್ರಿ ಅಕ್ಕಾ” ಎಂದು ಮುನಿಸ್ವಾಮಿ ಯಾವಾಗಲೋ ಹೇಳಿಟ್ಟಿದ್ದರಿಂದ ಎರಡು ಭರ್ಜರಿ ಕೋಸು ಕಿತ್ತು ತಂದೆ. ತುರಿಯುವಾಗ ಒಂಥರಾ ಘಾಟು ವಾಸನೆ ಬಂತು. ಕೇಲಿನದ್ದಿರಬೇಕು ಎಂದುಕೊಂಡೆ. ಪರದೇಶದ ಸೊಪ್ಪಿಗೆ ಪರದೇಶದ ವಾಸನೆ!

ಮಧ್ಯಾಹ್ನ ಬೀಗರಾಗಬೇಕಾದವರು ಬಂದರು. ಹುಡುಗನ ತಂದೆ ತಾಲ್ಲೂಕು ಕಚೇರಿಯಿಂದ ನಿವೃತ್ತರಾದವರು. ಮೀಸೆ ಮಾತ್ರ ಇನ್ನೂ ನಿವೃತ್ತಿಯಾಗಿರಲಿಲ್ಲ. ತಾಯಿ ಮಿತಭಾಷಿ. ಹುಡುಗ ಸಾಧು ಪ್ರಾಣಿ. ಸುಧಾ ತಟ್ಟೆ ತಂದಿಟ್ಟಾಗ ಅವಳನ್ನು ನೋಡಬೇಕಾದವನು ನಾಚಿಕೊಂಡು ಲಾಟ್ಕೆಯನ್ನೇ ನೋಡುತ್ತಾ ಕುಳಿತ.

ಹುಡುಗನ ತಂದೆ ಒಂದು ಚೂರು ಮುರಿದು ಬಾಯಿಗಿಟ್ಟರು. ಮೀಸೆ ಮೇಲಕ್ಕೆ ಹೋಯಿತು, ಕೆಳಕ್ಕೆ ಬಂತು. “ಭೇಷ್! ಇದೇನಮ್ಮಾ, ವಡೇನೋ ರೊಟ್ಟೀನೋ? ಏನಾದ್ರೂ ಆಗ್ಲಿ, ಇನ್ನೆರಡು ಹಾಕಿ!”

ನಾನು ಒಳಗೆ ಬಂದು ಸುಧಾಳ ಕೆನ್ನೆ ಹಿಂಡಿದೆ. ನನ್ನ ಕಾಲು ನೆಲದ ಮೇಲಿರಲಿಲ್ಲ. ಆಗಲೇ ಹಿತ್ತಿಲಿಂದ ಕೂಗು ಕೇಳಿಸಿತು. ಬೇಲಿಯ ಆಚೆ ಅಕ್ಕಯ್ಯಮ್ಮ ನಿಂತಿದ್ದಳು.

“ಏಮಮ್ಮಾ ಮೇಷ್ಟ್ರಮ್ಮಾ, ಕೋಸು ಕಿತ್ತಿದ್ದು ನೀನೇನಾ?”

“ಹೂಂ ಅಜ್ಜೀ, ಎರಡು.”

“ಅಯ್ಯೋ ದೇವುಡಾ! ನೆನ್ನೆ ಸಾಯಂಕಾಲ ತಾನೇ ನನ್ ಮಗ ಅದಕ್ಕೆ ಮಂದು ಹೊಡೆದವ್ನೆ. ಹುಳ ಸಾಯೋ ಮಂದು!”

ಮಂದು ಎಂದರೆ ತೆಲುಗಿನಲ್ಲಿ ಔಷಧಿ. ಯಾವ ಭಾಷೆಯಲ್ಲಿ ಹೇಳಿದರೂ ಸಾಯುವುದು ಸಾಯುವುದೇ!

“ತೊಳೆದಿದೀನಿ ಅಜ್ಜೀ...”

“ತೊಳೆದ್ರೆ ಹೋಗ್ತದಾ? ಬೇಯ್ಸಿದ್ರೆ ಹೆಂಗೋ ಏಮೋ. ಹಸೀದು ಮಾತ್ರ ಬಾಯಿಗಿಡಬ್ಯಾಡ ತಾಯೀ. ನಮ್ಮ ಎಮ್ಮೆ ಒಂದು ಸಲ ಹಿಂಗೇ ತಿಂದು...”

“ತಿಂದು? ಏನಾಯ್ತು ಅಜ್ಜೀ?”

ಅಜ್ಜಿ ಸುಮ್ಮನೆ ಕೈಯನ್ನು ಆಕಾಶಕ್ಕೆ ತೋರಿಸಿದಳು.

ಅದೇ ಕ್ಷಣಕ್ಕೆ ಹಜಾರದಿಂದ ಹುಡುಗನ ತಂದೆಯ ಧ್ವನಿ ಬಂತು: “ಅಮ್ಮಾ, ಆ ಹಸಿ ಕೋಸು ಇನ್ನೊಂಚೂರಿದ್ರೆ ಹಾಕಿ!”

ಉಪ್ಪು ನೋಡುವ ನೆಪದಲ್ಲಿ ನಾನೂ ಬೊಗಸೆಗಟ್ಟಲೆ ತಿಂದಿದ್ದೆ. ನಾಲಿಗೆ ಜೋಮು ಹಿಡಿದಂತಾಯಿತು. ಕಣ್ಣು ಮಂಜಾಯಿತು, ಒರೆಸಿಕೊಂಡರೆ ಅಳು. ಯಜಮಾನರನ್ನು ಒಳಗೆ ಕರೆದು ಪಿಸುಗುಟ್ಟಿದೆ. ಅವರ ಮುಖ ಸೀಮೆಸುಣ್ಣದಂತಾಯಿತು.

“ಹೇಳ್ಬಿಡೋಣ ಕಣೇ.”

“ಹೇಳಿದ್ರೆ ಮದುವೆ ಮುರಿಯುತ್ತೆ ಅಂದ್ರೆ!”

“ಹೇಳದೇ ಇದ್ರೆ ಗಂಡೇ ಇರಲ್ವಲ್ಲೇ!”

ಕೊನೆಗೆ ಬಂದವರಿಗೆ ಗೊತ್ತಾಗದ ಹಾಗೆ ಅವರನ್ನು ಉಳಿಸುವುದೆಂದು ತೀರ್ಮಾನವಾಯಿತು. ವಿಷ ಸೇವಿಸಿದವರಿಗೆ ಉಪ್ಪುನೀರು ಕುಡಿಸಿ ಕಕ್ಕಿಸಬೇಕೆಂದು ಯಜಮಾನರು ಎಲ್ಲೋ ಓದಿದ್ದರು. ಡಾಕ್ಟರನ್ನು ಕರೆತರಲು ಅವರು ಸೈಕಲ್ ಹತ್ತಿದರು. ನಾನು ನಿಂಬೆ ಪಾನಕ ಮಾಡಿ, ಬೆಲ್ಲ ಹಾಕುವ ಕಡೆ ಹಿಡಿ ಹಿಡಿಯಾಗಿ ಉಪ್ಪು ಸುರಿದೆ.

ಹುಡುಗನ ತಂದೆ ಒಂದು ಗುಟುಕು ಕುಡಿದರು. ಮೀಸೆಯ ಎರಡು ತುದಿಗಳು ಒಂದನ್ನೊಂದು ಭೇಟಿಯಾದವು.

“ಇದೂ... ಅಮೆರಿಕದ್ದೇನಮ್ಮಾ?”

“ಹೌದು, ಪೂರ್ತಿ ಕುಡೀಬೇಕು. ಅದೇ ಅವರ ಪದ್ಧತಿ!”

ಹೆಣ್ಣಿನ ಮನೆಯಲ್ಲಿ ಕೊಟ್ಟದ್ದನ್ನು ಬಿಡಬಾರದೆಂಬ ಸಂಸ್ಕಾರವಂತರು. ಕಣ್ಣು ಮುಚ್ಚಿ ಕುಡಿದರು. ಅವರ ಹೆಂಡತಿ ಲೋಟವನ್ನು ಮೂಸಿ, ಸದ್ದಿಲ್ಲದೆ ತುಳಸಿ ಕುಂಡಕ್ಕೆ ಸುರಿದರು. ಅಯ್ಯೋ, ಈಯಮ್ಮನನ್ನು ಉಳಿಸುವುದು ಹೇಗಪ್ಪಾ!

ಯಜಮಾನರು ಏದುಸಿರು ಬಿಡುತ್ತಾ ಬಂದರು. ನಮ್ಮ ಬೀದಿಯ ಡಾಕ್ಟರು ಊರಲ್ಲಿರಲಿಲ್ಲ; ಅವರ ಕಾಂಪೌಂಡರ್ ಸಿಕ್ಕಿದ್ದ. ದಾರಿಯಲ್ಲೇ ಅವನಿಗೆ ಗುಟ್ಟು ಹೇಳಿ ಕರೆತಂದಿದ್ದರು. “ಇವರು ನಮ್ಮ ಸ್ನೇಹಿತರು. ಕೈ ನೋಡೋದ್ರಲ್ಲಿ ಎತ್ತಿದ ಕೈ” ಎಂದು ಪರಿಚಯಿಸಿದರು.

ಕಾಂಪೌಂಡರ್ ಹುಡುಗನ ತಂದೆಯ ಕೈಯನ್ನು ಮಗುಚಿ, ರೇಖೆ ಬಿಟ್ಟು ನಾಡಿ ಹಿಡಿದುಕೊಂಡ. ಆಮೇಲೆ ರೆಪ್ಪೆ ಎಳೆದು ನೋಡಿದ. “ನಾಲಿಗೆ ಚಾಚಿ” ಎಂದ.

“ಜ್ಯೋತಿಷ್ಯಕ್ಕೆ ನಾಲಿಗೆ ಯಾಕಯ್ಯಾ?”

“ವಾಕ್‌ಶುದ್ಧಿ ನೋಡೋಕೆ ಸಾರ್.”

“ಆಯುಸ್ಸು ಹೆಂಗಿದೆ?”

ಕಾಂಪೌಂಡರ್ ಸತ್ಯವಂತ. “ಸಾಯಂಕಾಲದವರೆಗೂ ಏನೂ ಹೇಳೋಕಾಗಲ್ಲ ಸಾರ್” ಎಂದುಬಿಟ್ಟ!

ಹುಡುಗನ ತಂದೆ ಬೆವರತೊಡಗಿದರು. ವಿಷದ ಮೊದಲ ಲಕ್ಷಣ! ನಾನು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮೂರು ಜನರ ಸಾವಿನ ಹೊಣೆ ನನ್ನ ತಲೆಯ ಮೇಲೆ. ಇನ್ನು ಸುಧಾಳನ್ನು ಯಾರು ಮದುವೆಯಾಗುತ್ತಾರೆ? “ಹೆಣ್ಣು ನೋಡೋಕೆ ಹೋದವರು ಹೆಣವಾದರಂತೆ” ಎಂದು ಚಿಂತಾಮಣಿಯವರೆಗೂ ಸುದ್ದಿಯಾಗುತ್ತದೆ. ಅಷ್ಟಕ್ಕೂ ಅವಳೇ ಉಳಿಯುತ್ತಾಳೋ ಇಲ್ಲವೋ? ಬೆಳಗ್ಗೆಯಿಂದ ಏನು ತಿಂದಿದ್ದಾಳೆಂದು ಕೇಳಲೂ ನನಗೆ ಧೈರ್ಯ ಬರಲಿಲ್ಲ. ತಾಯಿಯಿಲ್ಲದ ಮಗು ಎಂದು ಬಾಯಿಗೆ ತುತ್ತಿಟ್ಟು ಬೆಳೆಸಿದ ಕೈಯಲ್ಲೇ ಇದನ್ನೂ ಇಟ್ಟೆನಲ್ಲಾ!

ಅಷ್ಟರಲ್ಲಿ ಸುಧಾ ನನ್ನ ಪಕ್ಕದಿಂದ ಹಾದು ನೇರವಾಗಿ ಹಜಾರದ ಮಧ್ಯೆ ಹೋಗಿ ನಿಂತಳು. ಒಳಗಿನ ಪಿಸುಮಾತನ್ನೆಲ್ಲ ಅವಳು ಕೇಳಿಸಿಕೊಂಡಿದ್ದಳು.

“ಇವರು ಜ್ಯೋತಿಷ್ಯದವರಲ್ಲ, ಕಾಂಪೌಂಡರು” ಎಂದಳು. ಧ್ವನಿ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ. “ಕೋಸಿಗೆ ನೆನ್ನೆ ಹುಳದ ಔಷಧಿ ಹೊಡೆದಿದ್ರಂತೆ. ಅತ್ತಿಗೆಗೆ ಗೊತ್ತಿರ್ಲಿಲ್ಲ. ಎಲ್ಲಾರೂ ತಿಂದ್ಬಿಟ್ಟಿದೀವಿ. ಈಗ್ಲೇ ಆಸ್ಪತ್ರೆಗೆ ಹೋಗೋಣ. ಮದುವೆ ಮಾತು ಆಮೇಲೆ ನೋಡ್ಕೊಳ್ಳಿ, ಬೇಡ ಅಂದ್ರೂ ಸರಿ.”

ಹುಡುಗ ಆವತ್ತು ಮೊದಲ ಸಲ ತಲೆ ಎತ್ತಿ ಅವಳನ್ನು ನೋಡಿದ.

“ನೀವೆಷ್ಟು ತಿಂದ್ರಿ?”

“ಮೂರು.”

“ನಾನು ಐದು. ಹಂಗಾದ್ರೆ ನಾನೇ ಮುಂದೆ ಹೋಗೋದು, ನೀವು ಹೆದರ್ಕೋಬೇಡಿ” ಎಂದ.

ಅವನ ತಂದೆಗೆ ಈ ಸರಸ ಕೇಳಿಸಲಿಲ್ಲ. “ಔಷಧಿ” ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾನು ಕುಡಿಸಿದ ಉಪ್ಪುನೀರು ತನ್ನ ಕೆಲಸ ಶುರುಮಾಡಿತು. ಅವರು ಬಾಯಿಗೆ ಕೈ ಅಡ್ಡ ಹಿಡಿದು ಮೋರಿಯ ಕಡೆ ಓಡಿದರು. ಅಲ್ಲಿ ಅವರ ಭಾರಕ್ಕೆ ಉಳಿದಿದ್ದ ಕೇಲೆಲ್ಲ ನೆಲಸಮವಾಯಿತು. ಅದುವರೆಗೆ ತುಟಿ ಬಿಚ್ಚದಿದ್ದ ತಾಯಿ “ಅಯ್ಯೋ ನನ್ನ ಮಾಂಗಲ್ಯವೇ!” ಎಂದು ಎತ್ತಿದ ಸ್ವರಕ್ಕೆ ಬೀದಿಯೆಲ್ಲ ಬಾಗಿಲಿಗೆ ಬಂತು. ಅಕ್ಕಯ್ಯಮ್ಮ ಹಿತ್ತಿಲಿಂದ ಬಂದು, ಯಾರಿಗೆ ಏನಾಯಿತೆಂದೂ ಕೇಳದೆ, ನೆರೆದವರಿಗೆಲ್ಲ ತನ್ನ ಎಮ್ಮೆಯ ಕಥೆ ಹೇಳಲು ಕುಳಿತಳು.

ಯಜಮಾನರು ಜಟಕಾ ತಂದು ನಿಲ್ಲಿಸಿದರು. ನಾವು ಹುಡುಗನ ತಂದೆಯನ್ನು ಎರಡೂ ಕಡೆ ಹಿಡಿದು ಹತ್ತಿಸುತ್ತಿದ್ದೆವು. ಆಗ ಕೋಲಾರದಿಂದ ಬಂದ ಮುನಿಸ್ವಾಮಿ ಸೈಕಲ್ ತಳ್ಳಿಕೊಂಡು ಎದುರಿಗೆ ಬಂದ.

“ಏನಕ್ಕಾ ಜನ? ಯಾರ್ ಹೋದ್ರು?”

“ಇನ್ನೂ ಯಾರೂ ಹೋಗಿಲ್ಲ ಕಣೋ! ಯಾವ ಔಷಧಿ ಹೊಡೆದೆ ಕೋಸಿಗೆ? ಹೆಸರು ಹೇಳು, ಆಸ್ಪತ್ರೇಲಿ ಕೇಳ್ತಾರೆ!”

ಮುನಿಸ್ವಾಮಿ ಪಿಳಿಪಿಳಿ ಕಣ್ಣು ಬಿಟ್ಟ. ತಾಯಿಯ ಕಡೆ ನೋಡಿದ. ತಲೆ ಕೆರೆದುಕೊಂಡ.

“ಯಾವ್ದೂ ಇಲ್ಲ ಅಕ್ಕಾ. ನೀರು ಬಿಟ್ರೆ ಏನೂ ಹೊಡೆದಿಲ್ಲ. ನಮ್ಮಮ್ಮ ದಾರೀಲಿ ಹೋಗೋರ್ನೆಲ್ಲ ಕರ್ದು ಕರ್ದು ಕೋಸು ದಾನ ಮಾಡ್ತವಳೆ. ಸಂತೆಗೆ ಹಾಕೋಕೆ ಏನೂ ಉಳೀತಿಲ್ಲ. ಅದಕ್ಕೇ ಮಂದು ಹೊಡೆದಿದೀನಿ, ಯಾರ್ಗೂ ಕೊಡಬ್ಯಾಡ ಅಂತ ಸುಳ್ಳು ಹೇಳ್ದೆ.”

“ದೊಂಗ ನಾ ಕೊಡುಕಾ!” ಎಂದು ಅಕ್ಕಯ್ಯಮ್ಮ ಕೂಗಿದಳು. ಕಳ್ಳ ನನ್ನ ಮಗನೇ ಎಂಬ ಬೈಗುಳ ಅದು. ಬೈಸಿಕೊಂಡವನು ನಿಜವಾಗಿಯೂ ಅವಳ ಮಗನೇ ಆಗಿದ್ದರಿಂದ ಯಾರೂ ಆಕ್ಷೇಪಿಸಲಿಲ್ಲ.

ನನಗೆ ನಂಬಿಕೆ ಬರಲಿಲ್ಲ. “ಮತ್ತೆ ಆ ಘಾಟು ವಾಸನೆ?” ಎಂದೆ. ಮುನಿಸ್ವಾಮಿ ಒಳಗೆ ಹೋಗಿ, ಉಳಿದಿದ್ದ ಸ್ಲಾ ಪಾತ್ರೆಯನ್ನು ಮೂಸಿ, ಎಲ್ಲರೆದುರೇ ಬಳಿದು ತಿಂದು, ಹಾಗಲಕಾಯಿ ಕಚ್ಚಿದಂತೆ ಮುಖ ಮಾಡಿ ಹೇಳಿದ: “ವಾಸನೆ ನಿಮ್ಮ ಸೊಪ್ಪುದೇ ಅಕ್ಕಾ. ನಮ್ ಕೋಸನ್ನ ಅನ್ನಬ್ಯಾಡಿ.”

ಹೀಗೆ ವಿಷದಿಂದ ಯಾರಿಗೂ ಏನೂ ಆಗಲಿಲ್ಲ. ಆದದ್ದೆಲ್ಲ ನನ್ನ ಚಿಕಿತ್ಸೆಯಿಂದ!

ಹುಡುಗನ ತಂದೆಯನ್ನು ಜಟಕಾದಿಂದ ಇಳಿಸಿ ಜಗಲಿಯ ಮೇಲೆ ಕೂರಿಸಿದೆವು. ಮೀಸೆ ಎರಡೂ ಕಡೆ ಜೋತುಬಿದ್ದಿತ್ತು. ನಾನು ಕಂಬದ ಹಿಂದೆ ನಿಂತು, ಭೂಮಿ ಬಾಯಿಬಿಟ್ಟರೆ ಇಳಿದುಬಿಡೋಣವೆಂದು ಕಾಯುತ್ತಿದ್ದೆ. ಕೊನೆಗೆ ಅವರು ಯಜಮಾನರನ್ನು ಹತ್ತಿರ ಕರೆದರು.

“ಮೇಷ್ಟ್ರೇ, ಹುಡುಗಿ ನಿಜ ಹೇಳಿದ್ಲು. ಸಂಬಂಧ ಬೇಡ ಅಂದ್ರೂ ಸರಿ, ನಮ್ಮ ಜೀವ ಉಳೀಲಿ ಅಂದ್ಲು. ನನಗಷ್ಟು ಸಾಕು. ದಿನ ಗೊತ್ತು ಮಾಡಿ” ಎಂದರು. ಆಮೇಲೆ ಕಂಬದ ಕಡೆ ತಿರುಗಿ, “ನಿಮ್ಮ ಬಗ್ಗೆ ಏನೂ ಹೇಳಲ್ಲಮ್ಮಾ. ಹೇಳೋಕೆ ಹೊಟ್ಟೇಲಿ ಶಕ್ತಿ ಇಲ್ಲ” ಎಂದರು.

ಯುಗಾದಿ ಕಳೆದ ಮೇಲೆ ಮದುವೆ ಚೆನ್ನಾಗಿಯೇ ಆಯಿತು. ಛತ್ರದಲ್ಲಿ ಅಡುಗೆಮನೆಯ ಹತ್ತಿರ ನಾನು ಹೆಜ್ಜೆ ಇಟ್ಟಾಗಲೆಲ್ಲ ಗಂಡಿನ ಕಡೆಯವರು ಯಾರಾದರೊಬ್ಬರು ಓಡಿಬಂದು, “ನೀವ್ಯಾಕೆ ತೊಂದ್ರೆ ತಗೋತೀರಿ?” ಎಂದು ವಿನಯದಿಂದ ಹಿಂದಕ್ಕೆ ತಳ್ಳುತ್ತಿದ್ದರು. ಹೆಣ್ಣನ್ನು ಸಾಕಿ ಬೆಳೆಸಿದವಳಿಗೆ ಒಂದು ಗೌರವದ ಕೆಲಸ ಬೇಡವೇ? ಕೊನೆಗೆ ಯಜಮಾನರೇ ಮಾತಾಡಿ, ಅಡುಗೆಮನೆಯಿಂದ ಅತ್ಯಂತ ದೂರವಿದ್ದ ಹೆಬ್ಬಾಗಿಲಿನಲ್ಲಿ ಬಂದವರಿಗೆ ಪನ್ನೀರು ಚಿಮುಕಿಸುವ ಅಧಿಕಾರವನ್ನು ನನಗೆ ಕೊಡಿಸಿದರು.

ನಾನು ಹೊಸ ರೇಷ್ಮೆ ಸೀರೆಯ ಸೆರಗು ಸರಿಮಾಡಿಕೊಂಡು, ಪನ್ನೀರುದಾನಿಗೆ ಕೈ ಚಾಚಿದೆ. ಸುಧಾಳ ಮಾವನವರು ತಾವೇ ಅದನ್ನು ಎತ್ತಿಕೊಂಡರು. ಮೊದಲು ಮೂಸಿ ನೋಡಿದರು. ಆಮೇಲೆ ಎರಡು ಹನಿ ನಾಲಿಗೆಗೆ ಬಿಟ್ಟುಕೊಂಡರು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕಾದು, ತಮಗೇನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆಯೇ ನನ್ನ ಕೈಗೆ ಕೊಟ್ಟರು!