ಜೂನ್ ಹದಿನೈದರೊಳಗೆ ಬಾಂಧವ್ಯ ಬೆಳೆಸಿ ಮುಗಿಸುವ ಕುರಿತು

ಸಂಖ್ಯೆ: ಬಾಂ.ಬೆ.ಶಾ/ತುರ್ತು/ಅತಿ ತುರ್ತು/07/2025-26
ದಿನಾಂಕ: 19-06-2025

ಸುತ್ತೋಲೆ

ವಿಷಯ: ಶಾಲಾ ಪ್ರಾರಂಭದಲ್ಲಿ ಮಕ್ಕಳೊಂದಿಗೆ ಬಾಂಧವ್ಯ ಬೆಳೆಸುವ ಕಾರ್ಯವನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಮುಕ್ತಾಯಗೊಳಿಸುವ ಬಗ್ಗೆ.

ಉಲ್ಲೇಖ:
1. ಈ ಶಾಖೆಯ ಸುತ್ತೋಲೆ, ದಿ: 30-05-2025.
2. ಅದರ ತಿದ್ದುಪಡಿ, ದಿ: 29-05-2025.
3. ಹೂವಿನ ಹಿಪ್ಪರಗಿ ಸುತ್ತಲಿನ ಒಂದು ಶಾಲೆಯ ತಪಾಸಣಾ ವರದಿ, ದಿ: 18-06-2025.

ನಾಲ್ಕೂ ತಾಲೂಕುಗಳಲ್ಲಿ ಶೇ. 99.999ರಷ್ಟು ಬಾಂಧವ್ಯ ಜೂನ್ 15ರ ಭಾನುವಾರವೇ ಪೂರ್ಣಗೊಂಡಿದೆ. ಒಬ್ಬ ವಿದ್ಯಾರ್ಥಿನಿಯಿಂದಾಗಿ ಅದು ನೂರಾಗದೆ ಉಳಿದಿರುವುದನ್ನು ಗಂಭೀರವಾಗಿ ಪರಿಗಣಿಸಿ, ಈ ಕೆಳಗಿನಂತೆ ಸೂಚಿಸಲಾಗಿದೆ.

1. ಪ್ರತಿ ಮಗುವಿಗೆ ಏಳು ನಿಮಿಷ ನಿಗದಿಪಡಿಸಲಾಗಿದೆ. ಅಷ್ಟರಲ್ಲಿ ಹೆಸರು ಕೇಳಿ, ಬೆನ್ನು ತಟ್ಟಿ (ಒಮ್ಮೆ ಮಾತ್ರ), ಇಬ್ಬರೂ ನಗುತ್ತಿರುವ ಫೋಟೊವನ್ನು ಆ್ಯಪ್‌ಗೆ ಏರಿಸತಕ್ಕದ್ದು. ನೆಟ್‌ವರ್ಕ್ ಇಲ್ಲದ ಶಾಲೆಗಳಲ್ಲಿ ನೀರಿನ ಟಾಕಿಯ ಮೇಲೆ ಬಾಂಧವ್ಯ ಬೆಳೆಸಬಹುದು.

2. "ಊಟ ಆತೇನವಾ?" ಎಂದು ಕೇಳಿ ಬಾಂಧವ್ಯ ಆರಂಭಿಸುವ ಪದ್ಧತಿ ಈ ಭಾಗದಲ್ಲಿ ವ್ಯಾಪಕವಾಗಿರುವುದು ಗಮನಕ್ಕೆ ಬಂದಿದೆ. ಊಟವು ಬಿಸಿಯೂಟ ಶಾಖೆಗೆ ಸಂಬಂಧಿಸಿದ ವಿಷಯವಾಗಿದ್ದು, ಅವರ ಲಿಖಿತ ಅನುಮತಿಯಿಲ್ಲದೆ ಕೇಳತಕ್ಕದ್ದಲ್ಲ. "ಯಾರ ಮಗಳವಾ ನೀ?" ಎಂಬುದು ದಾಖಲಾತಿ ಶಾಖೆಗೆ ಸೇರಿದೆ. ಉಳಿದಂತೆ ಏನು ಬೇಕಾದರೂ ಕೇಳಲು ಅಡ್ಡಿಯಿಲ್ಲ.

3. ಆ್ಯಪ್‌ನಲ್ಲಿ 'ಬೆಳೆದಿದೆ', 'ರಜೆ' ಎಂಬ ಎರಡೇ ಆಯ್ಕೆಗಳಿವೆ. ಉಲ್ಲೇಖ 3ರ ಶಾಲೆಯಲ್ಲಿ, ಇಂಡಿಯಿಂದ ಬಂದು ನಾಲ್ಕನೇ ತರಗತಿಗೆ ಸೇರಿದ ಕುಮಾರಿ ಹುಮಾ ಎಂಬ ವಿದ್ಯಾರ್ಥಿನಿಯು ಯಾರೊಂದಿಗೂ ಒಂದು ಮಾತನ್ನೂ ಆಡಿರುವುದಿಲ್ಲ. ಹೀಗಿರುವಾಗ ಅವಳ ಶಿಕ್ಷಕಿ ಶ್ರೀಮತಿ ಸುನಂದಾ ಅವರು 'ಬೆಳೆದಿದೆ' ಒತ್ತುವುದನ್ನು ಬಿಟ್ಟು, ಬಿಳಿ ಹಾಳೆಯ ಮೇಲೆ, "ಮಾತಿಲ್ಲ. ನಿನ್ನೆ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ತಾಟಿಗೆ ಹಾಕಿದಳು. ಕಾಯುತ್ತೇನೆ" ಎಂದು ಬರೆದು ಕಳುಹಿಸಿರುತ್ತಾರೆ. ರೊಟ್ಟಿ ನಮೂನೆಯಲ್ಲಿಲ್ಲ. ಕಾಯಲು ಅವಕಾಶವಿಲ್ಲ.

4. ಆದ್ದರಿಂದ ತಪಾಸಣಾಧಿಕಾರಿ ಶ್ರೀ ಶ್ರೀಶೈಲಪ್ಪ ಅವರು ದಿ: 18-06-2025ರಂದು ತರಗತಿಗೆ ಖುದ್ದಾಗಿ ಭೇಟಿ ನೀಡಿ, "ಹೆಸರೇನ ನಿಂದು? ನಗು, ನಗು, ಫೋಟೊ ತಗೀಬೇಕೈತಿ" ಎಂದು ಹನ್ನೊಂದು ಬಾರಿ ಸೂಚಿಸಿದ್ದಾರೆ. ಹನ್ನೆರಡನೆಯ ಬಾರಿಗೆ ವಿದ್ಯಾರ್ಥಿನಿಯು ಎದ್ದು ನಿಂತು, "ಸುಮ್ನ ಕುಂದರ್ರಿ ಸರ. ನಮ್ಮ ಟೀಚರ್ ಲೆಕ್ಕ ಹೇಳಾಕತ್ತಾರ, ಕಾಣಂಗಿಲ್ಲೇನ್ರಿ?" ಎಂದು ನುಡಿದಿರುವುದು ವರದಿಯಾಗಿದೆ. ಇದು ಸದರಿಯವಳ ಪ್ರಥಮ ಮಾತು. ಮಕ್ಕಳು ಚಪ್ಪಾಳೆ ತಟ್ಟಿದ್ದು, ಶಿಕ್ಷಕಿ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದು ಫೋಟೊದಲ್ಲಿ ದಾಖಲಾಗಿದೆ. ನಗು ಇಲ್ಲದ ಕಾರಣ ಫೋಟೊವನ್ನು ಆ್ಯಪ್ ತಿರಸ್ಕರಿಸಿದೆ. ತಪಾಸಣಾಧಿಕಾರಿಗಳು ಕುಳಿತುಕೊಂಡಿರುತ್ತಾರೆ.

5. ಸದರಿ ಮಾತು ಗಡುವು ಮೀರಿ ಮೂರು ದಿನಗಳ ನಂತರ ಬಂದಿರುವುದರಿಂದ ಪರಿಗಣಿಸಲು ಬರುವುದಿಲ್ಲ. ಅಲ್ಲದೆ, ಒಂದೇ ಮಗುವಿನೊಂದಿಗೆ ನಿಗದಿಗಿಂತ ಹೆಚ್ಚು ಬಾಂಧವ್ಯ ಬೆಳೆಸಿದ ಕಾರಣ ಶಿಕ್ಷಕಿಯನ್ನು ಹೆಚ್ಚುವರಿ ಎಂದು ಗುರುತಿಸಿ, ಸೋಮವಾರದಿಂದ ನಾಲತವಾಡ ಭಾಗಕ್ಕೆ ನಿಯೋಜಿಸಲಾಗಿದೆ. ಅಲ್ಲಿ ಅವರು ಇತರ ಶಿಕ್ಷಕರಿಗೆ ಬಾಂಧವ್ಯ ಬೆಳೆಸುವ ತರಬೇತಿ ನೀಡತಕ್ಕದ್ದು.

6. ಹೊರಡುವ ಮುನ್ನ ಕಪಾಟಿನ ಕೀಲಿ 1, ಸೀಮೆಸುಣ್ಣ 14, ಭೂಪಟ 1 (ಹರಿದದ್ದು) ಹಾಗೂ ಬಾಂಧವ್ಯ 1, ಇವುಗಳ ಪ್ರಭಾರವನ್ನು ಅದೇ ಶಾಲೆಯ ಸಹಶಿಕ್ಷಕ ಶ್ರೀ ಕಲ್ಮೇಶ ಅವರಿಗೆ ಏಳು ನಿಮಿಷದೊಳಗೆ ವಹಿಸಿಕೊಡುವುದು. ವಿದ್ಯಾರ್ಥಿನಿಯು ಮತ್ತೆ ಮಾತು ನಿಲ್ಲಿಸಿದಲ್ಲಿ 'ರಜೆ' ಎಂದು ನಮೂದಿಸುವುದು.

ಸಹಿ/-
(ಸಾಹೇಬರು ಸಭೆಯಲ್ಲಿರುವುದರಿಂದ ಅವರ ಪರವಾಗಿ)
ಬಾಂಧವ್ಯಾಧಿಕಾರಿ (ಪ್ರಭಾರ)

ಪ್ರತಿಗಳು:
1. ನಾಲ್ಕೂ ತಾಲೂಕುಗಳ ಮುಖ್ಯೋಪಾಧ್ಯಾಯರಿಗೆ, ನಗುನಗುತ್ತ ಪಾಲಿಸಲು.
2. ಬಿಸಿಯೂಟ ಶಾಖೆಗೆ, ಅರ್ಧ ರೊಟ್ಟಿಯ ಬಗ್ಗೆ ಸ್ಪಷ್ಟೀಕರಣ ಕೋರಿ.
3. ಶ್ರೀ ಶ್ರೀಶೈಲಪ್ಪ ಅವರಿಗೆ, ಇನ್ನು ಎದ್ದೇಳಬಹುದೆಂದು ತಿಳಿಸುತ್ತ.
4. ಕುಮಾರಿ ಹುಮಾ, ನಾಲ್ಕನೇ ತರಗತಿ, ಇವಳಿಗೆ. ಇದನ್ನು ಶ್ರೀಮತಿ ಸುನಂದಾ ಅವರೇ ಓದಿ ಹೇಳಿ, ಕೇಳಿದ ಮೇಲೆ ಅವಳು ಏನೂ ಮಾತಾಡಲಿಲ್ಲವೆಂಬ ದೃಢೀಕರಣವನ್ನು ಲಗತ್ತಿಸತಕ್ಕದ್ದು.