ಮದುವೆ ಕಾರಿನ ಹಿಂದಿನ ಎಣ್ಣೆ

ಹಳೆಯ ಯಂತ್ರ ಇದ್ದಲ್ಲಿ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಯಂತ್ರವನ್ನು ಅರ್ಥ ಮಾಡಿಕೊಳ್ಳಬಹುದು. ಅದರ ಸುತ್ತ ನಿಂತವರನ್ನು ನೋಡಿ ಬೆರಗಾಗುವುದೊಂದೇ ದಾರಿ.

ಅಕ್ಕಿ ಇಡುವ ಹೊತ್ತು

ಬಿ.ಎಸ್ಸಿ. ಮುಗಿಸಿ ನಾನು ಮಾದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿ ಸೇರಿದ್ದೆ. ಯಜಮಾನರು ಕೊಡವರು, ಹೆಸರಾದ ಬೇಟೆಗಾರರು. ತೋಟ ಮಾರಿ ವಿಲಾಯಿತಿಗೆ ಹಿಂತಿರುಗಿದ ಬಿಳಿ ದೊರೆಯೊಬ್ಬನಿಂದ ಕೊಂಡ ಹಳೆಯ ಕಾರು ಅವರಲ್ಲಿತ್ತು. ಕೊಂಡಾಗ ಬೆಕ್ಕಿನಂತೆ ಮೆತ್ತಗೆ ಓಡುತ್ತಿತ್ತಂತೆ. ನಾನು ನೋಡುವ ಹೊತ್ತಿಗೆ ಹಿಂದಿನಿಂದ ಊಳಿಡುತ್ತಿತ್ತು.

ಅವರ ಒಬ್ಬಳೇ ಮಗಳ ಮದುವೆ ಗೊತ್ತಾಗಿತ್ತು. ಗಂಡಿನ ಮನೆ ಹುದಿಕೇರಿಯ ಕಡೆ, ಎಂದರೆ ಕೊಡಗಿನ ಇನ್ನೊಂದು ತುದಿ. ಯಜಮಾನರ ಹೆಂಡತಿಯ ಅಣ್ಣ, ಹೊಸ ಕಾರಿನ ಒಡೆಯ, ಒಂದು ಮಧ್ಯಾಹ್ನ ಬಂದು ಜಗಲಿಯಲ್ಲಿ ಕೂತರು.

"ಭಾವಾ, ನಿನ್ನ ಕಾರಿನ ಸದ್ದು ದೂರದಲ್ಲಿ ಕೇಳಿದ ಕೂಡಲೇ ನನ್ನ ಮನೆಯಲ್ಲಿ ಅಕ್ಕಿ ಇಡ್ತಾರೆ. ನೀನು ಬಂದು ಇಳಿಯುವಾಗ ಅನ್ನ ಬೆಂದಿರ್ತದೆ. ಹುಡುಗಿಯನ್ನು ನನ್ನ ಕಾರಲ್ಲಿ ಕಳಿಸು. ನಿನ್ನದು ದಾರಿಯಲ್ಲಿ ನಿಂತರೆ ಮದುಮಗಳು ಎತ್ತಿನ ಗಾಡಿಯಲ್ಲಿ ಹೋಗಿ ಇಳೀಬೇಕು."

ಯಜಮಾನರು ಎದ್ದು ನಿಂತರು. "ನನ್ನ ಮಗಳು ನನ್ನ ಕಾರಲ್ಲೇ ಹೋಗ್ತಾಳೆ. ನಿಂತರೆ ಆವತ್ತಿನಿಂದ ನಾನು ಕಾರು ಹತ್ತುವುದಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ರೈಟರೇ, ನೀವು ಸೈನ್ಸ್ ಓದಿದವರು. ಇದರ ಕಾಯಿಲೆ ಎಂಥದು?"

"ನಾನು ಓದಿದ್ದು ಜೀವಶಾಸ್ತ್ರ. ಕಪ್ಪೆ ಕೊಯ್ದಿದ್ದೇನೆ. ಕಾರು ಕೊಯ್ದಿಲ್ಲ."

"ಕಪ್ಪೆ ಎಷ್ಟು ಸಣ್ಣದು! ಅಷ್ಟು ಸಣ್ಣದನ್ನೇ ಕೊಯ್ದವರಿಗೆ ಇಷ್ಟು ದೊಡ್ಡದು ಕಷ್ಟವಾ?"

ಕೋವಿಯ ಉಪಯೋಗ

ಕಾರಿನ ಜೊತೆ ಬಂದ ಪುಸ್ತಕವನ್ನು ಓದಿದೆ. ಹಿಂದಿನ ಅಚ್ಚಿನ ನಡುವೆ ಕುಂಬಳಕಾಯಿಯಂತೆ ಉಬ್ಬಿದ ಪೆಟ್ಟಿಗೆಯೇ ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಆ ವ್ಯತ್ಯಾಸವನ್ನು ಸರಿದೂಗಿಸುವ ಹಲ್ಲುಚಕ್ರಗಳು ಅದರೊಳಗೆ ದಪ್ಪ ಎಣ್ಣೆಯಲ್ಲಿ ತಿರುಗುತ್ತವೆ. ಎಣ್ಣೆ ಹಾಳಾದರೆ ಅವು ಊಳಿಡುತ್ತವೆ.

ಎಣ್ಣೆ ಇಳಿಸುವ ತಿರುಪಿನ ಬಿರಡೆ ಪೆಟ್ಟಿಗೆಯ ಅಡಿಯಲ್ಲಿತ್ತು, ತುಂಬುವ ಬಿರಡೆ ಪಕ್ಕದಲ್ಲಿ. ನಾನು ಕಾರಿನಡಿ ಮಲಗಿ ತುಂಬುವ ಬಿರಡೆಗೆ ಸ್ಪ್ಯಾನರ್ ಹಾಕಿದೆ.

"ಇಳಿಸುವ ಬಾಯಿ ಕೆಳಗೆ ಉಂಟು, ನೀವು ಮೇಲಿನದು ಹಿಡಿದಿದ್ದೀರಿ" ಎಂದರು ಯಜಮಾನರು.

"ಕೆಳಗಿನದು ತೆಗೆದು ಎಣ್ಣೆಯೆಲ್ಲ ಹೋದ ಮೇಲೆ ಮೇಲಿನದು ಬಿಚ್ಚದಿದ್ದರೆ? ಒಣ ಪೆಟ್ಟಿಗೆ ಇಟ್ಟುಕೊಂಡು ಮದುವೆಗೆ ಹೋಗಲಾಗದು."

ಅವರು ಮೆಚ್ಚಿ ತಲೆಯಾಡಿಸಿದರು. ಬಿರಡೆ ಮಾತ್ರ ಅಲ್ಲಾಡಲಿಲ್ಲ. ನಾನು ಎಳೆದೆ. ಆಳುಗಳ ಮೇಸ್ತ್ರಿ ಎಳೆದ. ಸ್ಪ್ಯಾನರಿಗೆ ಕೊಳವೆ ಸಿಕ್ಕಿಸಿ ಇಬ್ಬರೂ ಎಳೆದೆವು. ಕಾರು ಸರಿಯಿತು, ಬಿರಡೆ ಸರಿಯಲಿಲ್ಲ.

ಯಜಮಾನರು ಒಳಗೆ ಹೋದರು. ಬರುವಾಗ ಕೈಯಲ್ಲಿ ಕೋವಿ ಇತ್ತು.

"ತಲೆ ಸ್ವಲ್ಪ ಆಚೆ ತೆಗೀರಿ ರೈಟರೇ. ಅಂಚಿಗೆ ಒಂದು ಗುಂಡು ಕೊಟ್ಟರೆ ಸಡಿಲ ಆಗ್ತದೆ."

ಕಾರಿನಡಿಯಿಂದ ಹೊರಬರುವ ಗಾಬರಿಯಲ್ಲಿ ನನ್ನ ಕಾಲು ಕೊಳವೆಗೆ ಜೋರಾಗಿ ಬಡಿಯಿತು. ಕಟ್ ಎಂದು ಬಿರಡೆ ತಿರುಗಿತು.

ಯಜಮಾನರು ಕೋವಿ ಇಳಿಸಿದರು. "ನೋಡಿದಿರಾ? ತೋರಿಸಿದರೆ ಸಾಕು. ಹಾರಿಸಲೇಬೇಕು ಅಂತ ಇಲ್ಲ."

ದೊರೆಯ ಮರ್ಮ

ಆಮೇಲೆ ಕೆಳಗಿನ ಬಿರಡೆ ತೆಗೆದೆ. ಮೊದಲು ಕಪ್ಪು ಎಣ್ಣೆ ಬಂತು. ಆಮೇಲೆ ರಾಗಿ ಮುದ್ದೆಯಂಥದೇನೋ ಇಳಿಯಿತು. ಬೆರಳಲ್ಲಿ ಉಜ್ಜಿ ನೋಡಿದೆ. ಕಾಫಿ ಹೊಟ್ಟು! ಸವೆದ ಹಲ್ಲುಚಕ್ರಗಳ ಸದ್ದು ಅಡಗಿಸಲು ದೊರೆ ಎಣ್ಣೆಗೆ ಹೊಟ್ಟು ಕಲಸಿ ತುಂಬಿಸಿದ್ದ. ಹೊಟ್ಟು ನುರಿದು ಹೋಗುವವರೆಗೆ ಕಾರು ಬೆಕ್ಕು. ಆಮೇಲೆ ನರಿ.

ಉಪಾಯಕ್ಕೆ ನಾನು ಮನಸ್ಸಿನಲ್ಲೇ ತಲೆಬಾಗಿದೆ. ಆದರೆ ಯಜಮಾನರಿಗೆ ಹೇಗೆ ಹೇಳುವುದು? ಹೇಳಿದೆ. ಅವರು ಸಿಟ್ಟಾಗಲಿಲ್ಲ. ಒಂದು ಚಿಟಿಕೆ ತೆಗೆದುಕೊಂಡು ಬಿಸಿಲಿಗೆ ಹಿಡಿದರು, ಮೂಸಿದರು, ಮತ್ತೆ ಮೂಸಿದರು. ಮುಖ ನಿಧಾನವಾಗಿ ಕೆಂಪಾಯಿತು.

"ರೊಬಸ್ಟಾ!" ಎಂದರು. "ಮೋಸ ಮಾಡಿದ್ದು ಇರಲಿ ರೈಟರೇ, ವ್ಯಾಪಾರ ಅಂದರೆ ಹಾಗೆಯೇ. ಅಷ್ಟು ದೊಡ್ಡ ತೋಟದ ದೊರೆ, ಈ ಅಗ್ಗದ ಜಾತಿ ಬಿಟ್ಟು ಅರೇಬಿಕಾ ಹೊಟ್ಟಾದರೂ ಹಾಕಬಾರದಿತ್ತಾ?"

ಎದುರು ತಿರುಗುವ ಚಕ್ರ

ಪೆಟ್ಟಿಗೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹಿಂಭಾಗವನ್ನು ಮರದ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿದೆ. ಎರಡು ಚಕ್ರಗಳೂ ಗಾಳಿಯಲ್ಲಿದ್ದವು. ಗೇರು ಹಾಕಿಯೇ ಇತ್ತು. ಎಡ ಚಕ್ರವನ್ನು ಮುಂದಕ್ಕೆ ತಿರುಗಿಸಿದೆ. ಬಲ ಚಕ್ರ ಯಾರೂ ಮುಟ್ಟದೆ ತಾನಾಗಿ ಹಿಂದಕ್ಕೆ ತಿರುಗಿತು.

ಹೀಗಾಗುತ್ತದೆಂದು ಪುಸ್ತಕದಲ್ಲಿ ಓದಿದ್ದೆ. ಕಣ್ಣಾರೆ ನೋಡಿದಾಗ ರೋಮಾಂಚನವಾಯಿತು. ಇದನ್ನು ಯೋಚಿಸಿದ ತಲೆ ಎಂಥದಿರಬೇಕು! ಮೇಸ್ತ್ರಿ ಚಪ್ಪಲಿ ಬಿಟ್ಟು ಕೈಮುಗಿದ. ಯಜಮಾನರು ತಾವೇ ಕೂತು ಎಡ ಚಕ್ರ ತಿರುಗಿಸಿದರು. ಬಲದ್ದು ಎದುರು ತಿರುಗಿತು. ಹಿಂದಕ್ಕೆ ತಿರುಗಿಸಿದರು. ಬಲದ್ದು ಮುಂದಕ್ಕೆ ಹೋಯಿತು. ಬಹಳ ಹೊತ್ತು ಹಾಗೆಯೇ ಆಡಿಸಿದರು.

"ನಮ್ಮ ಭಾವನನ್ನು ಒಳಗೆ ಕೂರಿಸಿದ್ದಾರೆ" ಎಂದರು ಕೊನೆಗೆ. "ನಾನು ಯಾವ ಕಡೆ ತಿರುಗಿದರೂ ಅವನು ಎದುರು ತಿರುಗ್ತಾನೆ. ಆದರೂ ಸಂಸಾರದ ಗಾಡಿ ಮುಂದೆಯೇ ಹೋಗ್ತಾ ಉಂಟು, ನೋಡಿ!"

ಹುದಿಕೇರಿಯ ದಾರಿ

ಮೈಸೂರಿನಿಂದ ತರಿಸಿದ ಎಣ್ಣೆ ಸಾಲಲಿಲ್ಲ. ತುಂಬುವ ರಂಧ್ರದ ಅಂಚಿನವರೆಗೆ ಬರಬೇಕಿತ್ತು, ಬೆರಳು ಹಾಕಿದರೆ ತಾಗುತ್ತಿರಲಿಲ್ಲ. ಇನ್ನೊಂದು ಡಬ್ಬಿ ಬೇಕು ಎಂದೆ. "ನಾನು ನೋಡಿಕೊಳ್ತೇನೆ" ಎಂದರು ಯಜಮಾನರು. ಮದುವೆಯ ಬೆಳಿಗ್ಗೆ ಬೆರಳು ಹಾಕಿದೆ. ಅಂಚಿನವರೆಗೆ ತುಂಬಿತ್ತು.

ಯಜಮಾನರೇ ಕಾರು ಬಿಟ್ಟರು. ಪಕ್ಕದಲ್ಲಿ ನಾನು, ಹಿಂದೆ ಕೆಂಪು ಸೀರೆಯಲ್ಲಿ ಮದುಮಗಳು ಮತ್ತು ಅವಳ ಅಮ್ಮ. ನಮ್ಮ ಹಿಂದೆ ಭಾವನ ಹೊಸ ಕಾರು ಬಂತು, ನಾವು ನಿಂತ ಕೂಡಲೇ ಹುಡುಗಿಯನ್ನು ಹತ್ತಿಸಿಕೊಳ್ಳಲು. ಆದರೆ ನಮ್ಮ ಕಾರು ಊಳಿಡಲಿಲ್ಲ. ಮಡಿಕೇರಿ ದಾಟಿತು, ವಿರಾಜಪೇಟೆ ದಾಟಿತು. ಏರಿನಲ್ಲೂ ಉಸಿರೆತ್ತಲಿಲ್ಲ. ಯಜಮಾನರು ಮೀಸೆ ತಿರುವಿಕೊಂಡರು.

ಪೊನ್ನಂಪೇಟೆ ದಾಟಿದ ಮೇಲೆ ಒಂದು ವಾಸನೆ ಬಂತು. ಹುರಿದ ಹಂದಿಮಾಂಸದ ವಾಸನೆ, ಬಾಯಲ್ಲಿ ನೀರೂರುವಂಥದು. ಯಾರ ಮನೆಯ ಅಡುಗೆಯೋ ಎಂದುಕೊಂಡೆ. ಆ ಮನೆ ಹಿಂದೆ ಬೀಳಲೇ ಇಲ್ಲ.

ಹಿಂದಿನಿಂದ ಹುಡುಗಿ ಹೇಳಿದಳು, "ಅಪ್ಪಾ, ಯಾರೋ ನಮ್ಮ ಹಿಂದೆ ಓಡಿ ಬರ್ತಾ ಇದ್ದಾರೆ."

"ನೆಂಟರು ಇರಬೇಕು."

"ನೆಂಟರು ಬೊಗಳ್ತಾ ಇದ್ದಾರೆ."

ತಿರುಗಿ ನೋಡಿದೆ. ರಸ್ತೆ ತುಂಬ ನಾಯಿಗಳು. ಪ್ರತಿ ಮನೆಯ ಮುಂದೆಯೂ ಇನ್ನಷ್ಟು ಸೇರುತ್ತಿದ್ದವು. ಅವುಗಳ ಹಿಂದೆ ಹೊಸ ಕಾರು ಹಾರ್ನ್ ಹೊಡೆಯುತ್ತ ತೆವಳುತ್ತಿತ್ತು.

"ಯಜಮಾನರೇ, ಆ ಎಣ್ಣೆ ಯಾವುದು?"

ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಕಾಡುಹಂದಿಯ ನೆಣ. ನನ್ನ ಕೋವಿಗೆ ಯಾವಾಗಲೂ ಅದನ್ನೇ ಹಚ್ಚುವುದು. ಒಮ್ಮೆಯೂ ಕೈಕೊಟ್ಟಿಲ್ಲ."

ನನಗೆ ಅರ್ಥವಾಯಿತು. ಅಚ್ಚು ಕಾದು, ಕರಗಿದ ನೆಣ ಎಣ್ಣೆ ತಡೆಯುವ ಹಳೆಯ ಸೀಲುಗಳಿಂದ ಒಸರಿ, ಬಿಸಿಯಾದ ಬ್ರೇಕಿನ ಮೇಲೆ ಹುರಿಯುತ್ತಿತ್ತು. ನಿಲ್ಲಿಸಿ ಒರೆಸೋಣ ಎಂದೆ.

"ನಿಲ್ಲಿಸುವುದಾ? ಭಾವ ಹಿಂದೆ ಇದ್ದಾನೆ!"

ಗಂಡಿನ ಮನೆಯಂಗಳಕ್ಕೆ ನುಗ್ಗಿದೆವು. ವಾಲಗದವರು ಊದುವುದನ್ನು ನಿಲ್ಲಿಸಿದರು. ಸ್ವಾಗತಕ್ಕೆಂದು ಕೋವಿ ಹಿಡಿದು ನಿಂತಿದ್ದವನು ಗಾಬರಿಯಲ್ಲಿ ಆಕಾಶಕ್ಕೆ ಗುಂಡು ಹಾರಿಸಿದ. ಹೆಚ್ಚಿನವು ಬೇಟೆಯ ಮನೆಗಳ ನಾಯಿಗಳು, ಗುಂಡು ಹಾರಿದರೆ ನಿಲ್ಲಲು ಕಲಿತವು. ಗುಂಡಿನ ಸದ್ದು ಕೇಳಿದ್ದೇ ತಡ ಬೊಗಳುವುದು ನಿಂತಿತು. ಅಷ್ಟೂ ನಾಯಿಗಳು ಕಿವಿ ನಿಮಿರಿಸಿ ಕಾರಿನ ಸುತ್ತ ಅಲುಗದೆ ನಿಂತವು. ಆ ಸುತ್ತಿನ ನಡುವೆ ಮದುಮಗಳು ಇಳಿದಳು. ಅಂಥ ನೋಟ ನಾನು ಮತ್ತೆ ಕಂಡಿಲ್ಲ.

ಗಂಡಿನ ಕಡೆಯ ಹಿರಿಯರೊಬ್ಬರು ನಾಯಿಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಎದೆಯ ಮೇಲೆ ಕೈಯಿಟ್ಟರು. "ಹೆಣ್ಣಿನ ಜೊತೆ ಇಷ್ಟು ಬೇಟೆನಾಯಿ ಕಳಿಸಿದ ಮನೆ ಇದುವರೆಗೆ ನೋಡಿಲ್ಲ!"

"ಒಬ್ಬಳೇ ಮಗಳು" ಎಂದರು ಯಜಮಾನರು.

ಆ ಸುತ್ತಿನ ಒಂದು ಕಡೆ ಯಾವುದೋ ಬಂಗಲೆಯ ದೊರೆಸಾನಿಯ ಸಣ್ಣ ಬಿಳಿ ನಾಯಿಯೂ ಇತ್ತು, ಕುತ್ತಿಗೆಗೆ ನೀಲಿ ರಿಬ್ಬನ್. ಹಿರಿಯರು ಅದನ್ನು ಬಗ್ಗಿ ನೋಡಿದರು. "ಇದು ಯಾವ ಬೇಟೆಗೆ?"

"ಅದು ಅಡುಗೆಮನೆಗೆ" ಎಂದರು ಯಜಮಾನರು ಕಣ್ಣು ಮಿಟುಕಿಸದೆ. "ಇಲಿಗೆ."

ಊಟದ ಹೊತ್ತಿಗೆ ಭಾವ ಬಂದು ತಲುಪಿದರು. ಹೊಸ ಕಾರನ್ನು ಯಾರೂ ತಿರುಗಿ ನೋಡಲಿಲ್ಲ. ಭಾವ ನಮ್ಮ ಕಾರಿನ ಹಿಂದೆ ಕೂತು ಬಹಳ ಹೊತ್ತು ಮೂಸಿದರು. ಆಮೇಲೆ ನನ್ನನ್ನು ಒಂದು ಮರದ ಮರೆಗೆ ಕರೆದು, ದನಿ ತಗ್ಗಿಸಿ ಕೇಳಿದರು:

"ರೈಟರೇ, ನನ್ನ ಕಾರಿಗೂ ಈ ಎಣ್ಣೆ ಹಾಕಿಕೊಡ್ತೀರಾ? ನನಗೆ ಇಬ್ಬರು ಹೆಣ್ಣುಮಕ್ಕಳು."