ದಾರ ಕಡಿಯಬಾರದ ಹಲ್ಲು

"ಕನ್ನಡಿ ತಗೊಳ್ಳಿ. ಯಾವುದು ನಾನು ಮಾಡಿದ್ದು, ಯಾವುದು ನಿಮ್ಮದು, ಹೇಳಿ ನೋಡೋಣ" ಎಂದು ಹಲ್ಲಿನ ಡಾಕ್ಟರಮ್ಮ ಸವಾಲು ಹಾಕಿದ್ದೇ ಆ ದಿನದ ರಗಳೆಗೆಲ್ಲ ಮೂಲ.

ಕುರ್ಚಿಯಲ್ಲಿ ಒರಗಿದ್ದ ಟೈಲರ್ ಕನ್ನಡಿ ಇಸಿದುಕೊಂಡು ಬಾಯಿ ಅಗಲಿಸಿದ. ಮೇಲಿನ ಸಾಲಿನ ಎರಡು ಮುಂದಿನ ಹಲ್ಲುಗಳು ಅವಳಿ ಮಕ್ಕಳ ಹಾಗೆ ಅಕ್ಕಪಕ್ಕ ಕೂತಿದ್ದವು. ಬಲಗಡೆಯದು ಈಗಷ್ಟೇ ಕೂರಿಸಿದ ಕ್ಯಾಪು, ಎಡಗಡೆಯದು ತಾನಾಗಿ ಹುಟ್ಟಿದ್ದು ಎಂಬುದು ಅವನಿಗೆ ಮೊದಲೇ ಗೊತ್ತಿದ್ದರಿಂದ ಗೊತ್ತಾಯಿತೇ ಹೊರತು ಕಣ್ಣಿಗೆ ಕಾಣಲಿಲ್ಲ.

"ಗೊತ್ತೇ ಆಗಲ್ವಲ್ಲಮ್ಮಾ!"

"ಆಗಬಾರದು. ನಿಮ್ಮ ಹೆಂಡತಿಗೂ ಗೊತ್ತಾಗಬಾರದು. ಅದೇ ಕೆಲಸ" ಎಂದು ಡಾಕ್ಟರಮ್ಮ ಕೈಗವಸು ಕಳಚುತ್ತ ತಮ್ಮ ಕೆಲಸವನ್ನು ಇನ್ನೊಮ್ಮೆ ಬಗ್ಗಿ ನೋಡಿದರು. ಪಕ್ಕದ ಹಲ್ಲಿನ ಬಣ್ಣಕ್ಕೆ ಹೊಂದಿಸಲು ಹೋದ ವಾರ ಅವನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಒಂದಾದ ಮೇಲೊಂದು ಬಿಳಿ ತುಣುಕು ಹಿಡಿದು ನೋಡಿದ್ದವರು ಅವರು. ಆಮೇಲೆ ಬೆರಳೆತ್ತಿ ಎಚ್ಚರಿಸಿದರು. "ಆದ್ರೆ ಒಂದು ಮಾತು. ಇದರಲ್ಲಿ ದಾರ ಕಡಿದ್ರೆ ನನಗೆ ಮುಖ ತೋರಿಸ್ಬೇಡಿ."

ಆ ಎಚ್ಚರಿಕೆಗೆ ಕಾರಣವಿತ್ತು. ಕತ್ತರಿ ಕೈಯಳತೆಯಲ್ಲೇ ಬಿದ್ದಿದ್ದರೂ ದಾರವನ್ನು ಹಲ್ಲಿನಿಂದ ಕಡಿಯುವುದು ನಮ್ಮ ಟೈಲರನ ವರಸೆ. ಹೊಲಿಗೆ ಮುಗಿಯಿತೋ, ತಲೆ ಬಗ್ಗಿತು, ಟಕ್, ದಾರ ತುಂಡು. ಬಹಳ ವರ್ಷದ ಹಿಂದೆ ಒಂದು ಕ್ಯಾನ್ವಾಸ್ ಚೀಲ ಹೊಲಿಯುವಾಗ ದಾರ ಗೆದ್ದಿತು, ಹಲ್ಲು ಸೋತಿತು. ಹಲ್ಲಿನ ಮೂಲೆ ಹಾರಿಹೋಗಿ, ಅಂಗಡಿಯಲ್ಲಿ ಅವನ ಹೆಸರು ಮುಕ್ಕು ಮಾಸ್ಟರ್ ಎಂದಾಯಿತು. ಆವತ್ತಿನಿಂದ ಅವನು ನಗುವಾಗ ಕೈ ಅಡ್ಡ ಹಿಡಿಯುವುದನ್ನು, ಮಾತಾಡುವಾಗ ಮೇಲ್ದುಟಿಯನ್ನು ಪರದೆಯಂತೆ ಇಳಿಬಿಡುವುದನ್ನು ಕಲಿತ. ಎಷ್ಟು ಚೆನ್ನಾಗಿ ಕಲಿತನೆಂದರೆ ಮುಕ್ಕಾದ ಹಲ್ಲು ಯಾವುದೆಂದೇ ಜನಕ್ಕೆ ಮರೆತುಹೋಯಿತು. ಹೆಸರು ಮಾತ್ರ ಗಟ್ಟಿಯಾಗಿ ಉಳಿಯಿತು.

ಆ ಹೆಸರನ್ನು ಇವತ್ತು ಕಿತ್ತು ಬಿಸಾಡಬೇಕೆಂದು ಅವನು ತೀರ್ಮಾನಿಸಿದ್ದ. ಅಂಗಡಿಗೆ ಹೊಸ ಬಣ್ಣ ಹೊಡೆಸಿದ್ದ ಯಜಮಾನರು ಸಂಜೆ ಫೋಟೋದವನನ್ನು ಕರೆಸಿದ್ದರು. ಕೆಲಸದವರೆಲ್ಲ ನಿಂತ ದೊಡ್ಡ ಫೋಟೋ ಒಂದು ಬಾಗಿಲ ಎದುರಿನ ಗೋಡೆಗೆ ಬರಲಿತ್ತು. ಹಳೆಯ ಫೋಟೋದಲ್ಲಿ ನಮ್ಮ ಟೈಲರನ ಮುಖ ಕಹಿ ಔಷಧಿ ಕುಡಿದು ಬಾಯಿ ಬಿಗಿಹಿಡಿದವನ ಹಾಗಿತ್ತು. ಹೊಸದರಲ್ಲಿ ಅವನು ಬಾಯಿ ತುಂಬ ನಗುವವನಿದ್ದ. ಅಂಗಡಿಗೆ ಬಂದ ಪ್ರತಿಯೊಬ್ಬ ಗಿರಾಕಿಗೂ ಆ ನಗು ಕಾಣಬೇಕು. ಮುಕ್ಕು ಎನ್ನುವ ಮಾತು ಯಾರ ಬಾಯಲ್ಲೂ ಬರಬಾರದು.

ಮೊದಲು ಮನೆಗೆ ಹೋದ. ಹೆಂಡತಿಗೆ ಹಲ್ಲುನೋವೆಂದಷ್ಟೇ ಹೇಳಿ ಡಾಕ್ಟರಲ್ಲಿಗೆ ಓಡಾಡುತ್ತಿದ್ದನಾದ್ದರಿಂದ, ಬಾಗಿಲು ತೆಗೆದ ಕೂಡಲೇ ಅವಳು ಬೆರಗಾಗಲಿ ಎಂದು ಹಲ್ಲೆಲ್ಲ ತೋರಿಸಿ ನಕ್ಕ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಏನು ಹಾಳು ಮಾಡಿದ್ರಿ?"

"ಏನೂ ಇಲ್ವೇ. ಸುಮ್ನೆ ನಗ್ತಿದೀನಿ."

"ಸುಮ್ನೆ ನಗೋರಾ ನೀವು? ಹಿಂದೊಂದು ಸಲ ಹೀಗೇ ನಕ್ಕಾಗ ನನ್ನ ಹೊಸ ಪರದೆ ಯಾರದೋ ಕೋಟಿನ ಒಳಬಟ್ಟೆ ಆಗಿತ್ತು." ಅವಳು ಒಳಗೆ ಹೋಗಿ ಕಿಟಕಿಗಳನ್ನೆಲ್ಲ ನೋಡಿಕೊಂಡು ಬಂದಳು. ಪರದೆಗಳು ಜಾಗದಲ್ಲೇ ಇದ್ದವು.

ಕಾಯುವಷ್ಟು ಕಾದು ಅವನೇ ಬಾಯಿಬಿಟ್ಟ. "ಹಲ್ಲು ನೋಡೇ. ಹೊಸ ಹಲ್ಲು."

ಅವಳು ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಬಹಳ ಹೊತ್ತು ನೋಡಿ, ಎಡಗಡೆಯದರ ಮೇಲೆ ಬೆರಳಿಟ್ಟಳು. "ಇದಾ? ಪರವಾಗಿಲ್ಲ ರೀ. ಆದ್ರೆ ಸ್ವಲ್ಪ ಹಳದಿ ಆಯ್ತು. ಪಕ್ಕದ ನಿಮ್ಮ ಹಲ್ಲು ನೋಡಿ, ಎಷ್ಟು ಚೆಂದ ಇದೆ. ಅದಕ್ಕೆ ಸರಿಯಾಗಿ ಹೊಂದಿಸೋಕೆ ಬರಲಿಲ್ಲವಾ ಅವರಿಗೆ?"

ನಮ್ಮ ಟೈಲರನಿಗೆ ಸಂತೋಷಪಡಬೇಕೋ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಕ್ಯಾಪನ್ನು ಹೊಗಳಿದ್ದಳು, ಸರಿ. ಆದರೆ ತಾನಾಗಿ ಹುಟ್ಟಿದ ಹಲ್ಲನ್ನು, ಇಷ್ಟು ವರ್ಷ ಒಂದು ದಿನವೂ ಕೈಕೊಡದ ಹಲ್ಲನ್ನು, ನಕಲಿ ಎಂದುಬಿಟ್ಟಿದ್ದಳು. "ಅದು ನಂದು ಕಣೇ!" ಎಂದು ಕೂಗಿದ. "ಎಲ್ಲಾ ನಿಮ್ಮದೇ ಬಿಡಿ" ಎಂದು ಅವಳು ಅಡುಗೆಮನೆಗೆ ನಡೆದಳು.

ಮೆಟ್ಟಿಲಿಳಿಯುವಾಗ ಕೆಳಮನೆಯ ರಿಟೈರ್ಡ್ ಹೆಡ್ಮಾಸ್ಟರ್ ಸಿಕ್ಕರು. ಕೊನೆಯ ಮೆಟ್ಟಿಲ ಮೇಲೆ ಕೂತು ಪಾದ ಹಿಡಿದುಕೊಂಡಿದ್ದರು. ಹಲ್ಲಿನ ಗುಂಗಿನಲ್ಲಿದ್ದ ನಮ್ಮ ಟೈಲರನಿಗೆ ಹೆಡ್ಮಾಸ್ಟರ್ ಕಂಡರೇ ಹೊರತು ಅವರ ಪಾದ ಕಾಣಲಿಲ್ಲ. ಅವರ ಮುಖದ ಮುಂದೆಯೇ ನಿಂತು ಬಾಯಗಲ ನಕ್ಕ.

"ಕಾಲು ಉಳುಕಿ ಒದ್ದಾಡ್ತಿದೀನಿ, ನಿನಗೆ ನಗು ಬರ್ತಿದೆಯೇನಯ್ಯಾ?"

"ಅಯ್ಯೋ, ಅದಕ್ಕಲ್ಲ ಸಾರ್..."

"ಮೆಟ್ಟಿಲ ಮೇಲೆ ನೀರು ಚೆಲ್ಲಿದ್ದು ನಿಮ್ಮ ಮನೆಯವರೇ ಅಂತ ನನಗೆ ಅನುಮಾನ ಇತ್ತು. ಈಗ ಖಾತ್ರಿಯಾಯ್ತು!"

ಅವರ ತೋಳು ಹಿಡಿದು ಮನೆಯೊಳಗೆ ಬಿಟ್ಟು, ಕಾಲಿಗೆ ಬಟ್ಟೆ ಸುತ್ತಿ, ನೀರು ಚೆಲ್ಲಿದ್ದು ತಾವಲ್ಲದಿದ್ದರೂ ಮೆಟ್ಟಿಲು ಒರೆಸಿ, ಅಂಗಡಿ ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು. ಒಳಗೆ ಹೊಸ ಬಣ್ಣದ ವಾಸನೆ. ಕನ್ನಡಿಯ ಮುಂದೆ ಒಬ್ಬ ದಪ್ಪನೆಯ ಗುತ್ತಿಗೆದಾರರು ಹೊಸ ಕೋಟಿನ ಟ್ರಯಲ್ ನೋಡುತ್ತಿದ್ದರು. ಹೊಟ್ಟೆಯ ಹತ್ತಿರ ಗುಂಡಿ ಕಾಜಾದವರೆಗೆ ಬರಲೊಲ್ಲದು. ಯಜಮಾನರು "ಉಸಿರು ಬಿಡಿ, ಇನ್ನೂ ಬಿಡಿ" ಎಂದು ಪುಸಲಾಯಿಸುತ್ತಿದ್ದರು. ಗುತ್ತಿಗೆದಾರರು ಕೆಂಪಾಗಿ, ಉಸಿರು ಬಿಗಿಹಿಡಿದು ಕನ್ನಡಿಯತ್ತ ಕಣ್ಣೆತ್ತಿದಾಗ, ತಮ್ಮ ಹೆಗಲ ಹಿಂದೆ ಕಂಡದ್ದು ಹಲ್ಲೆಲ್ಲ ತೋರಿಸಿ ನಗುತ್ತಿದ್ದ ನಮ್ಮ ಟೈಲರ್.

"ಏನ್ರೀ ಇದು? ಗಿರಾಕಿ ಹೊಟ್ಟೆ ನೋಡಿ ನಗೋಕೆ ಸಂಬಳ ಕೊಡ್ತೀರಾ?" ಎಂದು ಗುತ್ತಿಗೆದಾರರು ಕೋಟು ಕಳಚಿ ಎಸೆದರು. ಬಿಡುಗಡೆಯಾದ ಹೊಟ್ಟೆ ತಾನೂ ಮುನಿಸಿಕೊಂಡಂತೆ ಮುಂದೆ ಬಂತು.

ಯಜಮಾನರು ಟೇಪನ್ನು ಕೊರಳಿಂದ ಎಳೆದು ಮೇಜಿಗೆ ಬಡಿದರು. "ಏನಯ್ಯಾ, ಬುದ್ಧಿ ನೆಟ್ಟಗಿದೆಯಾ? ಇಷ್ಟು ವರ್ಷದಲ್ಲಿ ನಿನ್ನ ಒಂದು ಹಲ್ಲೂ ಕಂಡವನಲ್ಲ ನಾನು. ಇವತ್ತೇ ಯಾಕೆ ಪ್ರದರ್ಶನ?"

"ಹಲ್ಲು ಕಟ್ಟಿಸ್ಕೊಂಡಿದೀನಿ ಯಜಮಾನ್ರೇ! ಮುಕ್ಕು ಹೋಯ್ತು! ನೋಡ್ಲಿ ಅಂತಲೇ ನಗ್ತಿದ್ದೆ. ಬೆಳಿಗ್ಗೆಯಿಂದ ನಗ್ತಾನೇ ಇದೀನಿ, ದವಡೆ ನೋಯ್ತಿದೆ. ಒಬ್ಬರಾದ್ರೂ ನೋಡಬಾರದಾ?"

ಆ ಮಾತಿನಲ್ಲಿ ಎಷ್ಟು ನೋವಿತ್ತೆಂದರೆ ಗುತ್ತಿಗೆದಾರರ ಸಿಟ್ಟೂ ಕರಗಿತು. ಎಲ್ಲರೂ ಸುತ್ತ ನೆರೆದರು. ಯಜಮಾನರು ದಾರ ಪೋಣಿಸುವ ಕನ್ನಡಕ ಏರಿಸಿದರು. ಕಾಜಾ ಹೊಲಿಯುವವನು ಮೊಬೈಲಿನ ಬೆಳಕು ಹಾಕಿದ. ನಾಲಗೆ ಚುರುಕಾದ ಈ ಮನುಷ್ಯನೇ ಮುಕ್ಕು ಮಾಸ್ಟರ್ ಎಂಬ ಹೆಸರನ್ನು ಇಟ್ಟವನು. ಗುತ್ತಿಗೆದಾರರು, ತಾವು ಎಷ್ಟೋ ಗೋಡೆಗಳ ಬಿರುಕು ಪತ್ತೆ ಮಾಡಿದವರೆಂದು ಹೇಳಿಕೊಂಡು, ಮುಂದೆ ಬಂದು ಬಗ್ಗಿದರು.

"ಇದೇ" ಎಂದರು ಗುತ್ತಿಗೆದಾರರು.

"ಹೌದು, ಇದೇ" ಎಂದರು ಯಜಮಾನರು.

"ಕುರುಡನಿಗೂ ಗೊತ್ತಾಗುತ್ತೆ" ಎಂದ ಕಾಜಾದವನು.

ಮೂವರ ಬೆರಳೂ ಎಡಗಡೆಯ ಹಲ್ಲನ್ನೇ ತೋರಿಸುತ್ತಿದ್ದವು.

"ಅಲ್ಲ ರೀ! ಅದು ನಂದು. ಇದು ಕಟ್ಟಿಸಿದ್ದು!"

"ಹೋಗಲಿ ಬಿಡಯ್ಯಾ" ಎಂದು ಯಜಮಾನರು ಸಮಾಧಾನ ಹೇಳಿದರು. "ಒಂಚೂರು ಗೊತ್ತಾದ್ರೂ ಮುಕ್ಕಿಗಿಂತ ವಾಸಿ."

ಈ ಸಮಾಧಾನ ನಮ್ಮ ಟೈಲರನನ್ನು ಕೆಣಕಿಬಿಟ್ಟಿತು. ಅವನಿಗೆ ಈಗ ಎರಡು ಅಭಿಮಾನ. ಒಂದು ಡಾಕ್ಟರಮ್ಮನ ಕೆಲಸದ ಮೇಲೆ. ಹೊಲಿಗೆಯವನಾಗಿ ಅವನಿಗೆ ಗೊತ್ತು, ಹರಿದ ಜಾಗ ಎಲ್ಲಿತ್ತೆಂದು ಬಟ್ಟೆಯ ಒಡೆಯನಿಗೇ ತಿಳಿಯದಂತೆ ರಫು ಮಾಡುವುದು ಹುಡುಗಾಟವಲ್ಲ. ಅಂಥ ಕೆಲಸ ತನ್ನ ಬಾಯಲ್ಲಿ ಕೂತಿದೆ, ಅದನ್ನು ಇವರು ಹಳದಿ ನಕಲಿ ಎನ್ನುವುದೇ? ಇನ್ನೊಂದು ಅಭಿಮಾನ ತನ್ನ ಸ್ವಂತ ಹಲ್ಲಿನ ಮೇಲೆ. ಅದು ಬದುಕಿರುವಾಗಲೇ ಅದನ್ನು ಸತ್ತವರ ಸಾಲಿಗೆ ಸೇರಿಸುವುದೇ?

"ಇದು ನಂದೇ ಅಂತ ತೋರಿಸ್ತೀನಿ" ಎಂದ.

"ಹೇಗೆ ತೋರಿಸ್ತೀರಿ?" ಕಾಜಾದವನು ಕಣ್ಣು ಕಿರಿದು ಮಾಡಿದ. "ಡಾಕ್ಟ್ರು ಏನಂದ್ರು, ಕಟ್ಟಿಸಿದ ಹಲ್ಲಲ್ಲಿ ದಾರ ಕಡೀಬಹುದಾ?"

"ಕಡೀಬಾರದು ಅಂದ್ರು."

"ಹಾಗಾದ್ರೆ ಸುಲಭ. ಈ ಎಡಗಡೆದ್ರಲ್ಲಿ ದಾರ ಕಡೀರಿ. ಅದು ನಿಮ್ಮದೇ ಆದ್ರೆ ಭಯ ಯಾಕೆ? ಹಿಂಜರಿದ್ರಿ ಅಂದ್ರೆ ಅದೇ ನಕಲಿ."

ಅಂಗಡಿಯಲ್ಲಿ ಯಾರಿಗೂ ಇದರಲ್ಲಿ ತಪ್ಪು ಕಾಣಲಿಲ್ಲ. ಕೋರ್ಟಿನಲ್ಲೂ ಇಷ್ಟು ಸ್ಪಷ್ಟವಾದ ವಾದ ನಡೆಯುವುದಿಲ್ಲ ಎಂದು ಗುತ್ತಿಗೆದಾರರು ತಲೆದೂಗಿದರು. ನಮ್ಮ ಟೈಲರ್ ಕೈ ಚಾಚಿದ. "ತಗೊಂಬಾ ದಾರ. ತೆಳ್ಳಗಿನದ್ದು ಬೇಡ. ಆಮೇಲೆ ಮಾತು ಬರೋದು ಬೇಡ, ಇರೋದ್ರಲ್ಲಿ ಗಟ್ಟಿ ದಾರ ಕೊಡು."

ಕಾಜಾದವನು ಚೀಲ ಹೊಲಿಯುವ ಮೇಣ ಸವರಿದ ದಾರ ತಂದ. ಅಷ್ಟರಲ್ಲಿ ಫೋಟೋದವನೂ ಬಂದು, ಬಾಗಿಲಲ್ಲೇ ಮೂರು ಕಾಲಿನ ಸ್ಟ್ಯಾಂಡ್ ಊರಿ, ಇದೇನೋ ವಿಶೇಷ ನಡೆಯುತ್ತಿದೆ ಎಂದು ಸುಮ್ಮನೆ ನಿಂತ. ನಮ್ಮ ಟೈಲರ್ ದಾರದ ತುದಿಯನ್ನು ಬೆರಳಿಗೆ ಸುತ್ತಿಕೊಂಡ. ಹೊಸ ಹಲ್ಲಿಗೆ ಎಳೆಯೂ ತಾಗದಂತೆ, ಮಗುವನ್ನು ಪಕ್ಕಕ್ಕೆ ಮಲಗಿಸುವವನ ಜೋಪಾನದಿಂದ, ದಾರವನ್ನು ಎಡಕ್ಕೆ ಸರಿಸಿದ. ತಲೆ ಬಗ್ಗಿತು. ಟಕ್.

ದಾರ ಇಡಿಯಾಗಿಯೇ ಇತ್ತು. ಮೇಜಿನ ಮೇಲೆ, ಸೀಮೆಸುಣ್ಣದ ಪುಡಿಯ ನಡುವೆ, ಅಕ್ಕಿಕಾಳಿನಷ್ಟು ಹಲ್ಲಿನ ಚೂರು ಬಿದ್ದಿತ್ತು.

ಮೊದಲು ಮಾತಾಡಿದವನು ಕಾಜಾದವನು. "ನಾನು ಹೇಳಲಿಲ್ವಾ? ನಕಲಿ!"

"ನಂದು ಕಣೋ! ಹುಟ್ಟಿದ ಹಲ್ಲು ಕಣೋ!" ಎಂದು ನಮ್ಮ ಟೈಲರ್ ಬಾಯಿ ಬಡಿದುಕೊಂಡ. ಮಾತಿನ ಜೊತೆ ಹೊಸ ಸಂದಿಯಿಂದ ಗಾಳಿಯೂ ಸುಯ್ಯೆಂದು ಬಂತು.

"ಒಂದು ದಿನವೂ ಬಾಳಿಕೆ ಬರಲಿಲ್ಲವಲ್ಲಯ್ಯಾ" ಎಂದು ಯಜಮಾನರು ಮರುಗಿದರು. "ಪಾಪ, ಮೋಸ ಹೋದೆ." ಗುತ್ತಿಗೆದಾರರು ಸಿಮೆಂಟಿನ ಗುಣಮಟ್ಟದ ಬಗ್ಗೆ ನಾಲ್ಕು ಮಾತಾಡಿದರು. ಫೋಟೋದವನು, ಬೆಳಕು ಹೋಗುತ್ತದೆ, ಬೇಗ ನಿಲ್ಲಿ ಎಂದು ಅವಸರಪಡಿಸಿದ. ಎಲ್ಲರೂ ನಿಂತರು. "ನಗಿ" ಎಂದ. ಎಲ್ಲರೂ ನಕ್ಕರು. ನಡುವೆ ನಿಂತಿದ್ದ ಒಬ್ಬನ ತುಟಿ ಮಾತ್ರ ಒಳಗಿನಿಂದ ಹೊಲಿದಂತೆ ಬಿಗಿದಿತ್ತು. ಫ್ಲ್ಯಾಶ್ ಹೊಡೆಯಿತು.

ಫೋಟೋ ಹೋದರೆ ಹೋಗಲಿ, ಮರ್ಯಾದೆಯನ್ನಾದರೂ ಉಳಿಸಿಕೊಳ್ಳಬೇಕಿತ್ತು. ತನ್ನದಕ್ಕಿಂತ ಹೆಚ್ಚಾಗಿ ಡಾಕ್ಟರಮ್ಮನದು. ಅವರ ಕೆಲಸಕ್ಕೆ ಇಡೀ ಅಂಗಡಿ ಮಸಿ ಬಳಿದಿತ್ತು. ನಾಳೆ ಬಂದ ಗಿರಾಕಿಗಳಿಗೆಲ್ಲ ಕಾಜಾದವನು ಈ ಕತೆ ಹೇಳುವುದು ಖಂಡಿತ. ನಮ್ಮ ಟೈಲರ್ ಅವನ ರಟ್ಟೆ ಹಿಡಿದ.

"ನಡಿ. ಮಾಡಿದವರನ್ನೇ ಕೇಳೋಣ. ಅವರ ಬಾಯಿಂದಲೇ ಕೇಳು, ಒಡೆದದ್ದು ಯಾವುದು ಅಂತ."

"ಅವರು ಹೇಳಿದ್ರೆ ಒಪ್ಕೋತೀನಿ" ಎಂದ ಕಾಜಾದವನು. "ಮುಕ್ಕು ಅನ್ನೋದನ್ನೂ ಬಿಡ್ತೀನಿ. ಆಣೆಗೂ."

ಆ ಆಣೆ ಕೇಳಿ ನಮ್ಮ ಟೈಲರನ ಕಾಲಿಗೆ ಕಸುವು ಬಂತು. ಇಬ್ಬರೂ ಓಡುತ್ತ ಹೋಗಿ ಮುಟ್ಟಿದಾಗ ಡಾಕ್ಟರಮ್ಮ ಆಸ್ಪತ್ರೆಯ ಬಾಗಿಲಿಗೆ ಬೀಗ ಹಾಕುತ್ತಿದ್ದರು. ಕನ್ನಡಕ ಆಗಲೇ ಚೀಲ ಸೇರಿತ್ತು.

"ಅಮ್ಮಾ, ಒಂದೇ ನಿಮಿಷ. ಇವನಿಗೆ ಒಂದು ಮಾತು ಹೇಳ್ಬಿಡಿ" ಎಂದು ನಮ್ಮ ಟೈಲರ್ ಬೀದಿದೀಪದ ಕೆಳಗೆ ನಿಂತು ಬಾಯಿ ತೆರೆದ.

ಡಾಕ್ಟರಮ್ಮ ಬಗ್ಗಿ ನೋಡಿದವರೇ ಎದೆ ಹಿಡಿದುಕೊಂಡರು. "ಅಯ್ಯೋ, ನನ್ನ ಕ್ಯಾಪು!"

"ಅಲ್ಲಮ್ಮಾ, ಅದು..."

"ಮಾತಾಡ್ಬೇಡಿ ನೀವು! ಎಷ್ಟು ಆಸೆಯಿಂದ ಮಾಡಿದ್ದೆ! ಕಿಟಕಿ ಬೆಳಕಲ್ಲಿ ನಿಲ್ಲಿಸಿ ಬಣ್ಣ ಹೊಂದಿಸಿದ್ದೆ. ದಾರ ಕಡಿದ್ರಿ ತಾನೆ?"

"ಕಡಿದೆ, ಆದ್ರೆ..."

"ಕೇಳಿದ್ರಾ?" ಎಂದ ಕಾಜಾದವನು ದೀಪದ ಕಂಬಕ್ಕೆ.

ಡಾಕ್ಟರಮ್ಮನ ಬೆರಳು ಬಲಗಡೆಯ ಹಲ್ಲಿನ ಮೇಲೆ ನಿಂತಿತು. ಅವರ ದನಿ ಮೆತ್ತಗಾಯಿತು. "ಪಕ್ಕದ ಈ ನಿಮ್ಮ ಹಲ್ಲು ನೋಡಿ. ಎಷ್ಟು ಗಟ್ಟಿ, ಎಂಥ ಹೊಳಪು! ನಾವು ಏನೇ ತಿಪ್ಪರಲಾಗ ಹಾಕಿದ್ರೂ ತಾನಾಗಿ ಹುಟ್ಟಿದ್ದೇ ಬೇರೆ ರೀ. ಇದರ ಮುಂದೆ ನನ್ನ ಕೆಲಸ ಏನೂ ಅಲ್ಲ."

ನಮ್ಮ ಟೈಲರ್ ಏನೋ ಹೇಳಲು ಹೋದವನು ನಿಂತುಬಿಟ್ಟ. ಮಾಡಿದ ಕೈಗೇ ಗುರುತು ಸಿಗದಂಥ ಕೆಲಸ! ಅಂಥದ್ದನ್ನು ಅವನು ಯಾವ ಬಟ್ಟೆಯ ಮೇಲೂ ಕಂಡಿರಲಿಲ್ಲ. ಅದು ತನ್ನ ಬಾಯಲ್ಲಿದೆ, ಅದು ಗೊತ್ತಿರುವುದು ಲೋಕದಲ್ಲಿ ತನಗೊಬ್ಬನಿಗೇ. ಬೆಳಿಗ್ಗೆಯಿಂದ ಬಲವಂತವಾಗಿ ಎಳೆದು ತಂದಿದ್ದ ನಗು ಈಗ ತಾನಾಗಿ ಬಂತು. ಎದೆಯುಬ್ಬಿ, ಕೈ ಅಡ್ಡ ಹಿಡಿಯುವುದನ್ನೂ ಮರೆತು, ಅವನು ಬೀದಿದೀಪಕ್ಕೆ ಮುಖವೊಡ್ಡಿ ಹಲ್ಲೆಲ್ಲ ಬಿಟ್ಟು ನಕ್ಕ.

"ಬಾಯಿ ಮುಚ್ಚಿ ರೀ" ಎಂದರು ಡಾಕ್ಟರಮ್ಮ. "ಮುಕ್ಕು ಕಾಣುತ್ತೆ."